ಎರಡು ವರ್ಷದ ಕಾಲೇಜು ವ್ಯಾಸಂಗ: ಅದರ ಬೆಲೆ ಮತ್ತು ನಿಬಂಧನೆಗಳು



ಕಾಲೇಜಿನ ವ್ಯಾಸಂಗವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅದರ ತುದಿ: ಕರಿಯ ನಿಲುವಂಗಿ, ಘಟಿಕೋತ್ಸವದ ಮಂಟಪ, ಸುರುಳಿ ಸುತ್ತಿದ ಪ್ರಶಸ್ತಿಪತ್ರ. ಆದರೆ ಕಾಲೇಜಿನ ಮೆಟ್ಟಿಲು ಹತ್ತಿದವರೆಲ್ಲರೂ ಆ ತುದಿಯನ್ನು ಮುಟ್ಟುವುದಿಲ್ಲವೆಂಬುದನ್ನು ತಾವು ಬಲ್ಲಿರಿ. ತಂದೆಯ ಕಾಯಿಲೆ, ತಂಗಿಯ ಮದುವೆ, ಎರಡು ವರ್ಷ ಕೈಕೊಟ್ಟ ಮಳೆ, ಹುಡುಗಿಯಾದರೆ ತನ್ನದೇ ಮದುವೆ, ಇವುಗಳಲ್ಲಿ ಯಾವುದೊಂದು ಅಡ್ಡ ಬಂದರೂ ಓದು ಅಲ್ಲಿಗೆ ನಿಲ್ಲುತ್ತದೆ. ಹೀಗೆ ಎರಡು ವರ್ಷ ಓದಿ ನಿಂತವರ ಕೈಯಲ್ಲಿ ಉಳಿಯುವುದೇನು? ಮುಂದೊಂದು ದಿನ ಅವರು ಮತ್ತೊಂದು ಊರಿನ ಮತ್ತೊಂದು ಕಾಲೇಜಿಗೆ ಹೋಗಿ ಮೂರನೆಯ ವರ್ಷದಿಂದ ಓದನ್ನು ಹಿಡಿಯಬಲ್ಲರೇ? ಅಥವಾ ಪುನಃ ಓನಾಮದಿಂದಲೇ ಆರಂಭಿಸಬೇಕೇ? ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಇದನ್ನು ಕುರಿತು. ವಿಷಯ ಸ್ವಲ್ಪ ಒಣಗಿದ್ದು. ನಿಯಮಗಳ ಮಾತೆಲ್ಲ ಹಾಗೆಯೇ ಇರುತ್ತದೆ. ಆದರೆ ಈ ಒಣ ನಿಯಮಗಳ ಮೇಲೆ ಎಷ್ಟೋ ಮನೆಗಳ ಮಕ್ಕಳ ಎರಡೆರಡು ವರ್ಷಗಳು ನಿಂತಿರುವುದರಿಂದ ತಾವು ಬೇಸರಿಸದೆ ಕೇಳುವಿರೆಂದು ನಂಬಿದ್ದೇನೆ.

ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯ ಸ್ಥಾಪಿತವಾದ ಮೇಲೆ ಸುಮಾರು ೬೦ ವರ್ಷ ಕಾಲ ಧಾರವಾಡದ ಹುಡುಗನು ಮೆಟ್ರಿಕ್ಯುಲೇಷನ್ ಮುಗಿಸಿದನೆಂದರೆ ಪುಣೆಗೋ ಮುಂಬಯಿಗೋ ಗಂಟು ಕಟ್ಟಬೇಕಾಗಿತ್ತು. ಕವಿ ದ. ರಾ. ಬೇಂದ್ರೆಯವರು ೧೯೧೩ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದುದೂ ೧೯೧೮ರಲ್ಲಿ ಬಿ.ಎ. ಆಗಿ ಮರಳಿ ಊರಿಗೆ ಬಂದು ಮಾಸ್ತರಿಕೆ ಹಿಡಿದುದೂ ಆ ಕಾಲದ ರೂಢಿಯಂತೆಯೇ. ಅವರು ಪುಣೆಯಲ್ಲಿದ್ದಾಗಲೇ, ೧೯೧೭ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದ ಹಿರಿಯರು ಅದಕ್ಕಾಗಿ ಪಟ್ಟ ಶ್ರಮ ಅಷ್ಟಿಷ್ಟಲ್ಲ. ರೈಲ್ವೆ ಕಂಪನಿಯೊಂದು ತನ್ನ ಕಚೇರಿಗೆಂದು ಕಟ್ಟಿಸಿದ್ದ ಕಟ್ಟಡದಲ್ಲಿ ಆ ಕಾಲೇಜು ನೆಲೆಗೊಂಡಿತು. ರೈಲುಗಳ ಲೆಕ್ಕಕ್ಕೆಂದು ಎದ್ದ ಗೋಡೆಗಳ ನಡುವೆ ಕಾಳಿದಾಸನೂ ಷೇಕ್ಸ್‌ಪಿಯರನೂ ಬಂದು ಕುಳಿತರು.

ಆ ಕಾಲದ ಬಿ.ಎ. ವ್ಯಾಸಂಗ ನಾಲ್ಕು ವರ್ಷದ್ದು. ಅದರ ನಟ್ಟನಡುವೆ ಇಂಟರ್‌ಮೀಡಿಯೆಟ್ ಎಂಬ ಒಂದು ಹೊಸ್ತಿಲಿತ್ತು. ನಮ್ಮ ಹಿರಿಯರು ಅದನ್ನು ‘ಇಂಟರ್’ ಎಂದು ಮೊಟಕುಗೊಳಿಸಿ ಕರೆಯುತ್ತಿದ್ದರು. ಈ ಹೊಸ್ತಿಲಿನ ವಿಶೇಷವನ್ನು ಸ್ವಲ್ಪ ನಿಂತು ನೋಡತಕ್ಕದ್ದಿದೆ. ಅದರ ಪರೀಕ್ಷೆಯನ್ನು ನಡೆಸುತ್ತಿದ್ದುದು ಆಯಾ ಕಾಲೇಜಲ್ಲ, ವಿಶ್ವವಿದ್ಯಾನಿಲಯ. ಆದುದರಿಂದ ೧೯೩೩ರಲ್ಲಿ ಆರಂಭವಾದ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಟರ್ ಆದವನು ಉಳಿದೆರಡು ವರ್ಷಕ್ಕೆ ಧಾರವಾಡಕ್ಕೆ ಬರಬಹುದಾಗಿತ್ತು, ಪುಣೆಗೆ ಹೋಗಬಹುದಾಗಿತ್ತು; ‘ನೀನು ಓದಿದ್ದು ಸಾಲದು’ ಎಂದು ಅವನನ್ನು ಯಾರೂ ಹಿಂದಕ್ಕೆ ಅಟ್ಟುವಂತಿರಲಿಲ್ಲ. ಹುಬ್ಬಳ್ಳಿಯ ಅರಳೆಯ ವ್ಯಾಪಾರಿ ಬರೆದ ಹುಂಡಿಯು ಮುಂಬಯಿಯ ಪೇಢಿಯಲ್ಲಿ ರೊಕ್ಕವಾಗುತ್ತಿದ್ದ ಹಾಗೆ ಇಂಟರ್ ಪರೀಕ್ಷೆಯ ಫಲವು ಪ್ರಾಂತದ ಯಾವ ಕಾಲೇಜಿನಲ್ಲಾದರೂ ಚಲಾವಣೆಯಾಗುತ್ತಿತ್ತು. ವಿಜ್ಞಾನದ ಇಂಟರ್ ಆದವನಿಗೆ ವೈದ್ಯಕ್ಕೂ ಎಂಜಿನಿಯರಿಂಗಿಗೂ ದಾರಿ ತೆರೆಯುತ್ತಿತ್ತು. ಅಲ್ಲಿಗೇ ನಿಂತವನಿಗಾದರೂ ‘ಇಂಟರ್ ಆದವನು’ ಎಂಬ ಮಾತು ಕಚೇರಿಯಲ್ಲೂ ವರಾನ್ವೇಷಣೆಯಲ್ಲೂ ತಕ್ಕಮಟ್ಟಿಗೆ ಬೆಲೆ ತರುತ್ತಿತ್ತು.

ಈ ಹೊಸ್ತಿಲನ್ನು ಕಿತ್ತು ಹಾಕಿದವರು ಯಾರು? ಒಬ್ಬರಲ್ಲ. ೧೯೧೭ರಿಂದ ೧೯೧೯ರವರೆಗೆ ಕೆಲಸ ಮಾಡಿದ ಸ್ಯಾಡ್ಲರ್ ಆಯೋಗವು, ಇಂಟರ್ ವರೆಗಿನ ಓದು ನಿಜವಾಗಿ ಶಾಲೆಗೆ ಸೇರಿದ್ದೇ ಹೊರತು ವಿಶ್ವವಿದ್ಯಾನಿಲಯಕ್ಕಲ್ಲ, ಅದನ್ನು ಬೇರೆ ಮಾಡಿ ಪದವಿಯನ್ನು ಮೂರು ವರ್ಷದ್ದಾಗಿ ಮಾಡಿರೆಂದು ಹೇಳಿತು. ೧೯೪೮-೪೯ರ ರಾಧಾಕೃಷ್ಣನ್ ಆಯೋಗವೂ ೧೯೬೪-೬೬ರ ಕೊಠಾರಿ ಆಯೋಗವೂ ಅದೇ ದಿಕ್ಕಿನಲ್ಲಿ ನಡೆದವು. ನಡುವೆ ೧೯೪೯ರ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿತು. ಮೊದಲು ಒಂದು ವರ್ಷದ್ದಾಗಿದ್ದ ಪದವಿಪೂರ್ವ ತರಗತಿ ಮುಂದೆ ಎರಡು ವರ್ಷದ್ದಾಗಿ, ವಿಶ್ವವಿದ್ಯಾನಿಲಯದ ಕೈಯಿಂದ ಸರಕಾರದ ಇಲಾಖೆಯ ಕೈಗೆ ಹೋಯಿತು. ಇಂದಿನ ಪಿ.ಯು.ಸಿ. ಎಂಬುದು ಎರಡು ವರ್ಷದ್ದೇ, ಕಾಲೇಜೆಂಬ ಹೆಸರೂ ಅದಕ್ಕುಂಟು. ಆದರೆ ಅದು ಪದವಿಯ ಒಳಗಿನ ಮೆಟ್ಟಿಲಲ್ಲ, ಹೊರಗಿನ ಜಗುಲಿ. ಇಂಟರಿಗೂ ಪಿ.ಯು.ಸಿ.ಗೂ ಇರುವ ಈ ಭೇದವನ್ನು ಬಹುಮಂದಿ ಗಮನಿಸುವುದಿಲ್ಲ. ಹೀಗಾಗಿ ಪದವಿಯ ಒಳಗೆ ಎರಡು ವರ್ಷ ಓದಿ ನಿಂತವನಿಗೆ ಹೇಳಿಕೊಳ್ಳಲು ಹೆಸರೇ ಇಲ್ಲದಂತಾಯಿತು. ಅಂಕಪಟ್ಟಿಗಳಿದ್ದವು, ಪದವಿಯಿರಲಿಲ್ಲ. ಆಯೋಗಗಳ ವಾದದಲ್ಲಿ ಸತ್ಯವಿದ್ದಿತು, ಒಪ್ಪುತ್ತೇನೆ. ಆದರೆ ನಡುದಾರಿಯ ಛತ್ರವನ್ನು ಕೆಡಹುವಾಗ ದಾರಿಹೋಕರನ್ನು ವಿಚಾರಿಸಿದಂತೆ ಕಾಣುವುದಿಲ್ಲ.

ಅಮೆರಿಕಾ ದೇಶದಲ್ಲಿ ಇದೇ ಕಾಲದಲ್ಲಿ ವಿಷಯವು ತಲೆಕೆಳಗಾಗಿ ನಡೆಯಿತು. ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಎಂಬುವರಿಗೂ, ಮೊದಲೆರಡು ವರ್ಷದ ಓದು ಬೇರೆ ಬಗೆಯದು, ಕೊನೆಯ ಎರಡು ವರ್ಷದ್ದು ಬೇರೆ ಎಂದೇ ತೋರಿತ್ತು. ಆದರೆ ಅವರು ಮೊದಲೆರಡು ವರ್ಷವನ್ನು ಶಾಲೆಗೆ ತಳ್ಳಲಿಲ್ಲ. ಅದಕ್ಕೆ ತನ್ನದೇ ಆದ ಒಂದು ಪದವಿಯನ್ನು, ಅಸೋಸಿಯೇಟ್ ಎಂಬ ಹೆಸರಿನಿಂದ, ಕಲ್ಪಿಸಿಕೊಟ್ಟರು. ಅವರ ಪ್ರೇರಣೆಯಿಂದ ೧೯೦೧ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದಲ್ಲಿ ಆರು ಮಂದಿ ವಿದ್ಯಾರ್ಥಿಗಳಿಂದ ಒಂದು ಕಿರಿಯ ಕಾಲೇಜು ತೊಡಗಿತು. ಆ ಜಾತಿಯ ಕಾಲೇಜುಗಳು ಇಂದು ಆ ದೇಶದ ಮೂಲೆಮೂಲೆಗಳಲ್ಲಿವೆ. ಬಡವರ ಮಕ್ಕಳು, ದುಡಿಯುತ್ತ ಓದುವವರು, ಹೊರದೇಶದಿಂದ ಬಂದು ನೆಲೆಸಿದವರು ಮನೆಗೆ ಹತ್ತಿರದಲ್ಲಿ ಅಲ್ಪ ವೆಚ್ಚದಲ್ಲಿ ಎರಡು ವರ್ಷ ಓದಿ, ಆಮೇಲೆ ದೊಡ್ಡ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರುತ್ತಾರೆ. ಧಾರವಾಡದಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿದವರ ಮಕ್ಕಳಲ್ಲಿಯೂ ಈ ದಾರಿ ಹಿಡಿದವರುಂಟು. ಅವರ ಅಜ್ಜ ಅಜ್ಜಿಯರಿಗೆ ‘ಎರಡು ವರ್ಷದ ಡಿಗ್ರಿ’ ಎಂಬ ಮಾತು ವಿಚಿತ್ರವಾಗಿ ಕೇಳುತ್ತದೆ. ಅದು ಸಮುದ್ರದಾಚೆಯ ಇಂಟರ್ ಎಂದು ತಿಳಿದುಕೊಂಡರೆ ಅರ್ಥವಾದೀತು.

ಆ ಪದವಿಗೆ ಇರತಕ್ಕ ನಿಬಂಧನೆಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ; ನಮ್ಮವುಗಳನ್ನು ತಿಳಿಯಲು ಅವು ಕನ್ನಡಿಯಾಗುತ್ತವೆ. ಓದನ್ನು ಅಳೆಯುವ ಮಾನಕ್ಕೆ ಕ್ರೆಡಿಟ್ ಎಂದು ಹೆಸರು. ಜೋಳವನ್ನು ಸೇರಿನಿಂದ ಅಳೆಯುವಂತೆ ಪಾಠವನ್ನು ಇದರಿಂದ ಅಳೆಯುತ್ತಾರೆ. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರು ಪಾಠ ಕೇಳಿದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಸೆಮಿಸ್ಟರಿಗೆ ೧೫ರಂತೆ ನಾಲ್ಕು ಸೆಮಿಸ್ಟರಿಗೆ ೬೦ ಆದರೆ ರಾಶಿ ತುಂಬಿತು. ಆದರೆ ರಾಶಿ ತುಂಬಿದ ಮಾತ್ರಕ್ಕೆ ಪದವಿ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ೨೦೧೦ರ ಕಾಯಿದೆಯಿಂದ ವರ್ಗಾವಣೆಗಾಗಿಯೇ ಏರ್ಪಟ್ಟ ಅಸೋಸಿಯೇಟ್ ಪದವಿಯನ್ನು ನೋಡಿ: ಆ ೬೦ರಲ್ಲಿ ಕನಿಷ್ಠ ೧೮ ತನ್ನ ಮುಖ್ಯ ವಿಷಯದಲ್ಲಿರಬೇಕು, ಬರವಣಿಗೆ, ಗಣಿತ, ನಿಸರ್ಗ ವಿಜ್ಞಾನ, ಸಮಾಜ ವಿಜ್ಞಾನ, ಕಲೆ ಸಾಹಿತ್ಯ ಮುಂತಾದ ಸಾಮಾನ್ಯ ಶಿಕ್ಷಣದ ಗುಂಪುಗಳಲ್ಲಿ ಗೊತ್ತಾದಷ್ಟು ಇರಬೇಕು, ಒಟ್ಟು ಸರಾಸರಿ ನಾಲ್ಕರಲ್ಲಿ ಎರಡಕ್ಕೆ ಕಡಿಮೆಯಾಗಕೂಡದು. ಇಷ್ಟೂ ಆದವನಿಗೆ ಆ ಸಂಸ್ಥಾನದ ಸ್ಟೇಟ್ ವಿಶ್ವವಿದ್ಯಾನಿಲಯದ ಯಾವುದಾದರೊಂದು ಶಾಖೆಯಲ್ಲಿ ಮೂರನೆಯ ವರ್ಷದ ಸ್ಥಾನ ಖಂಡಿತ. ತಾನು ಬಯಸಿದ ಶಾಖೆಯಲ್ಲಿಯೇ ಎಂದಲ್ಲ, ಅದನ್ನೂ ಗಮನಿಸಬೇಕು. ಇದಲ್ಲದೆ ಪದವಿ ಕೊಡುವ ಕಾಲೇಜಿನಲ್ಲಿಯೇ ಕನಿಷ್ಠ ೧೨ ಗಳಿಸಿರಬೇಕೆಂಬ ನಿಯಮವೂ ಉಂಟು. ಬೇರೆಯವರ ಹೊಲದ ಬೆಳೆಯನ್ನೇ ತಂದು ನಮ್ಮ ಕಣದಲ್ಲಿ ಸುರಿದು ಮುದ್ರೆ ಹಾಕಿರೆನ್ನಬೇಡ ಎಂದು ಇದರ ಅಭಿಪ್ರಾಯ.

ವಿದ್ಯಾರ್ಥಿಗಳು ಎಡವುವುದು ಒಟ್ಟು ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಇತಿಹಾಸವನ್ನು ಪ್ರೀತಿಸುವ ಹುಡುಗನು ಇತಿಹಾಸದ ಮೇಲೆ ಇತಿಹಾಸ ಓದಿ ಅರುವತ್ತಲ್ಲ, ಎಪ್ಪತ್ತು ಕ್ರೆಡಿಟ್ ಕೂಡಿಹಾಕಬಹುದು. ಗಣಿತದ ಒಂದೇ ಒಂದು ಪಾಠ ಬಾಕಿಯಿದ್ದರೆ ಪದವಿ ಬಾಗಿಲಾಚೆಯೇ ನಿಲ್ಲುತ್ತದೆ. ನಮ್ಮ ಕಾಲೇಜುಗಳಲ್ಲಿಯೂ ಇದೇ ಕಥೆ. ಮುಖ್ಯ ವಿಷಯಗಳಲ್ಲೆಲ್ಲ ಚೆನ್ನಾಗಿ ತೇರ್ಗಡೆಯಾದ ವಿದ್ಯಾರ್ಥಿಗೆ ಮೊದಲ ವರ್ಷದ ಭಾಷೆಯ ಪತ್ರಿಕೆಯೋ, ಪರಿಸರ ಅಧ್ಯಯನವೋ, ಸಂವಿಧಾನದ ಪತ್ರಿಕೆಯೋ ಬಾಕಿ ಉಳಿದಿರುತ್ತದೆ. ‘ಅದು ಚಿಲ್ಲರೆ ಪತ್ರಿಕೆ, ಆಮೇಲೆ ನೋಡಿದರಾಯಿತು’ ಎಂದು ಅವನ ಭಾವನೆ. ನಿಯಮದ ಕಣ್ಣಿಗೆ ಚಿಲ್ಲರೆಯೂ ಇಲ್ಲ, ಇಡಿಯೂ ಇಲ್ಲ.

ಇನ್ನು ನಮ್ಮ ದೇಶದ ಈಚಿನ ಏರ್ಪಾಡಿಗೆ ಬರೋಣ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು, ಮರೆತುಹೋಗಿದ್ದ ಆ ನಡುಹೊಸ್ತಿಲನ್ನು ಪುನಃ ಇರಿಸಿತು. ನಾಲ್ಕು ವರ್ಷದ ವ್ಯಾಸಂಗ. ಒಂದು ವರ್ಷಕ್ಕೆ ನಿಂತರೆ ಸರ್ಟಿಫಿಕೇಟು, ಎರಡಕ್ಕೆ ನಿಂತರೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಅದನ್ನು ೨೦೨೧-೨೨ರಲ್ಲಿ ಎಲ್ಲರಿಗಿಂತ ಮುಂಚೆ ಕೈಗೆತ್ತಿಕೊಂಡ ರಾಜ್ಯ ನಮ್ಮದೇ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೨೨ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಎರಡು ವರ್ಷದ ಡಿಪ್ಲೊಮಾಕ್ಕೆ ೮೦ ಕ್ರೆಡಿಟ್ ಬೇಕು. ಅದರ ಮೇಲೆ ಬೇಸಗೆಯ ರಜೆಯಲ್ಲಿ ಕಸುಬಿನ ಶಿಕ್ಷಣವೊಂದರಿಂದ ೪ ಗಳಿಸಿರಬೇಕು. ಹೀಗೆ ನಿಂತವನು ಮೂರು ವರ್ಷದೊಳಗೆ ಮರಳಿ ಬರಬಹುದು. ಆದರೆ ಮೊದಲು ಸೇರಿದಂದಿನಿಂದ ಏಳು ವರ್ಷದೊಳಗೆ ಪದವಿಯನ್ನು ಮುಗಿಸತಕ್ಕದ್ದು. ಆಯಾ ರಾಜ್ಯದ ಪಾಠಪಟ್ಟಿಯಲ್ಲಿ ಈ ಅಂಕಿಗಳು ಹೆಚ್ಚು ಕಡಿಮೆಯಾಗುವುದುಂಟು. ಮರಳುವ ಅವಧಿಯ ಮಾತಂತೂ ಎಲ್ಲರೂ ಬಾಯಿಪಾಠ ಮಾಡಬೇಕಾದದ್ದು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕೆಂದು ಬೇಡುತ್ತೇನೆ. ಅಮೆರಿಕಾದಲ್ಲಿ ಪದವಿಗೆ ಸಾಮಾನ್ಯವಾಗಿ ೧೨೦ ಕ್ರೆಡಿಟ್, ಅದು ನಾಲ್ಕು ವರ್ಷದ ದುಡಿಮೆ. ನಮ್ಮ ಚೌಕಟ್ಟಿನಲ್ಲಿಯೂ ಪದವಿಗೆ ೧೨೦. ಆದರೆ ವರ್ಷಕ್ಕೆ ೪೦ರಂತೆ ಮೂರೇ ವರ್ಷದ್ದು. ಆದುದರಿಂದ ಅಲ್ಲಿನ ೬೦ ಎಂದರೆ ಅರ್ಧ ಪದವಿ, ಇಲ್ಲಿನ ೮೦ ಎಂದರೆ ಮೂರರಲ್ಲಿ ಎರಡು ಪಾಲು. ಸಂಖ್ಯೆ ಒಂದೇ ಆದರೂ ಸೇರು ಒಂದೇ ಅಲ್ಲ. ನಮ್ಮ ಮೂರು ವರ್ಷದ ಪದವೀಧರನು ಆ ದೇಶಕ್ಕೆ ಹೋದಾಗ ಕೆಲವು ವಿಶ್ವವಿದ್ಯಾನಿಲಯಗಳು ‘ಒಂದು ವರ್ಷ ಕಡಿಮೆಯಾಯಿತು’ ಎನ್ನುವುದಕ್ಕೆ ಮೂಲ ಇದೇ: ಇವನು ಕ್ರೆಡಿಟ್ ಎಣಿಸುತ್ತಾನೆ, ಅವರು ವರ್ಷ ಎಣಿಸುತ್ತಾರೆ.

ಗಳಿಸಿದ ಕ್ರೆಡಿಟ್ಟುಗಳನ್ನು ಇಡುವುದಕ್ಕೆ ೨೦೨೧ರಲ್ಲಿ ಒಂದು ಬ್ಯಾಂಕನ್ನೂ ಏರ್ಪಡಿಸಿದರು. ವಿದ್ಯಾರ್ಥಿಯ ಹೆಸರಿನಲ್ಲಿ ಖಾತೆ. ಕಾಲೇಜು ಅದರಲ್ಲಿ ಜಮಾ ಮಾಡುತ್ತದೆ. ಏಳು ವರ್ಷದವರೆಗೆ ಆ ಜಮೆಗೆ ಆಯುಸ್ಸು. ಬ್ಯಾಂಕೆಂಬ ಹೆಸರನ್ನು ಕೇಳಿ, ಇಟ್ಟ ಹಣವನ್ನು ಯಾವ ಊರಿನಲ್ಲಾದರೂ ತೆಗೆದಂತೆ ತೆಗೆಯಬಹುದೆಂದು ಹುಡುಗರು ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಹೆಸರೇ ಸ್ವಲ್ಪ ಮೋಸದ್ದು. ಹಣಕ್ಕೆ ರಾಜಮುದ್ರೆಯುಂಟು, ಯಾರೂ ಬೇಡವೆನ್ನುವಂತಿಲ್ಲ. ಕ್ರೆಡಿಟ್ ಎಂಬುದು ಹಣವಲ್ಲ, ಹಿಂದೆ ಹೇಳಿದ ಹುಂಡಿ. ಬರೆದ ಪೇಢಿ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ಸ್ವೀಕರಿಸುವ ಪೇಢಿ ಅದನ್ನು ಒಪ್ಪುವುದೋ ಇಲ್ಲವೋ ಎಂಬುದೇ ಮುಖ್ಯ. ಒಪ್ಪುವ ಅಧಿಕಾರ ಸೇರಿಸಿಕೊಳ್ಳುವ ವಿಶ್ವವಿದ್ಯಾನಿಲಯದ್ದು.

ಇದು ದೂರದ ಮಾತಲ್ಲ. ಕಿತ್ತೂರನ್ನು ತೆಗೆದುಕೊಳ್ಳಿ. ಧಾರವಾಡದಿಂದ ಸುಮಾರು ೩೦ ಕಿಲೋಮೀಟರು. ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಗೆ ಮರಳಬಹುದು. ಹಿಂದೆ ಅಲ್ಲಿಯ ಕಾಲೇಜು ವ್ಯಾಸಂಗವೂ ಧಾರವಾಡದ್ದೂ ಒಂದೇ ವಿಶ್ವವಿದ್ಯಾನಿಲಯದ್ದು. ೨೦೧೦ರಲ್ಲಿ ಬೆಳಗಾವಿಯಲ್ಲಿ ಆ ಊರಿನ ರಾಣಿಯ ಹೆಸರಿನಿಂದಲೇ ಬೇರೆ ವಿಶ್ವವಿದ್ಯಾನಿಲಯವಾಯಿತು. ೨೦೨೩ರಲ್ಲಿ ಹಾವೇರಿಗೂ ಒಂದು ಬೇರೆಯಾಯಿತು. ಊರಿಗೊಂದು ವಿದ್ಯಾಮಂದಿರವಾಗುವುದು ಸಂತೋಷವೇ ಸರಿ. ಆದರೆ ಕಿತ್ತೂರಿನಲ್ಲಿ ಎರಡು ವರ್ಷ ಬಿ.ಎ. ಓದಿ, ಮದುವೆಯಾಗಿ ಧಾರವಾಡಕ್ಕೆ ಬಂದ ಹೆಣ್ಣುಮಗಳಿಗೆ, ಮೂರನೆಯ ವರ್ಷವೆಂಬುದು ಈಗ ಕಾಲೇಜಿನ ಬದಲಾವಣೆಯಲ್ಲ, ವಿಶ್ವವಿದ್ಯಾನಿಲಯದ ಬದಲಾವಣೆ. ವರ್ಗಾವಣೆ ಪತ್ರ, ವಲಸೆ ಪತ್ರ, ಅರ್ಹತಾ ಪತ್ರ, ಪಾಠಗಳ ಸಮಾನತೆಯ ಪರಿಶೀಲನೆ, ಇಷ್ಟು ಕಟ್ಟೆಗಳನ್ನು ಅವಳು ದಾಟಬೇಕು. ಇಂಟರಿನ ಕಾಲದ ಅವಳ ಮುತ್ತಜ್ಜನು ಬೆಳಗಾವಿಯಿಂದ ಪುಣೆಗೆ ಹೋಗುವಾಗ ಇಷ್ಟು ಕಾಗದಗಳನ್ನು ಹೊತ್ತಿರಲಾರನು.

ಇದರ ಮೇಲೆ ಕಾಲವೂ ಬದಲಾಯಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ ೨೦೨೪ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವು ನಾಲ್ಕು ವರ್ಷದ ಏರ್ಪಾಡನ್ನು ಕೈಬಿಟ್ಟು, ೨೦೨೪-೨೫ರಿಂದ ಸೇರುವವರಿಗೆ ಪುನಃ ಮೂರು ವರ್ಷದ ಪದವಿಯನ್ನು ವಿಧಿಸಿತು. ಅದಕ್ಕೆ ಮುಂಚೆ ಸೇರಿದವರು ತಮ್ಮ ಹಳೆಯ ಪಾಠಪಟ್ಟಿಯಂತೆಯೇ ಮುಂದುವರಿಯಬಹುದೆಂದು ಗೊತ್ತುಮಾಡಿತು. ನಾಲ್ಕು ವರ್ಷ ಬೇಕೋ ಮೂರು ಸಾಕೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ನಾಲ್ಕನೆಯ ವರ್ಷದ ವೆಚ್ಚವನ್ನು ಹೊರಲಾರದ ಮನೆಗಳು ನಮ್ಮ ಜಿಲ್ಲೆಯಲ್ಲಿ ಸಾಕಷ್ಟಿವೆ. ಅವರ ಮಟ್ಟಿಗೆ ಮೂರು ವರ್ಷವೇ ಹಿತ. ನನ್ನ ಚಿಂತೆ ಬೇರೆ. ೨೦೨೧ರಿಂದ ೨೦೨೩ರವರೆಗೆ ಸೇರಿ, ಎರಡು ವರ್ಷಕ್ಕೆ ನಿಂತವರು ಇದ್ದಾರಷ್ಟೆ. ಅವರು ಮರಳುವ ಹೊತ್ತಿಗೆ ಅವರ ತರಗತಿಯಲ್ಲಿ ನಡೆಯುತ್ತಿರುವುದು ಬೇರೆಯ ಪಾಠಪಟ್ಟಿ. ೨೦೨೨ರಲ್ಲಿ ಸೇರಿ ೨೦೨೪ರಲ್ಲಿ ನಿಂತ ಹುಡುಗನಿಗೆ, ಚೌಕಟ್ಟಿನ ಲೆಕ್ಕದಂತೆ, ಮರಳಲು ೨೦೨೭ರವರೆಗೆ, ಮುಗಿಸಲು ೨೦೨೯ರವರೆಗೆ ಅವಕಾಶ. ಲೆಕ್ಕದಲ್ಲಿ ಅವಕಾಶವಿದ್ದು ತರಗತಿಯಲ್ಲಿ ಪಾಠವಿಲ್ಲದಿದ್ದರೆ, ಅದು ಬಾವಿಯಿದ್ದು ಹಗ್ಗವಿಲ್ಲದ ಹಾಗೆ. ವಿಶ್ವವಿದ್ಯಾನಿಲಯಗಳು ಇಂಥವರಿಗಾಗಿ ಹಳೆಯ ಪತ್ರಿಕೆಗೆ ಸಮನಾದ ಹೊಸ ಪತ್ರಿಕೆ ಯಾವುದೆಂಬ ಪಟ್ಟಿಯನ್ನು, ವಿದ್ಯಾರ್ಥಿಯು ಬಂದು ಕೇಳುವವರೆಗೂ ಕಾಯದೆ, ತಾವಾಗಿಯೇ ಪ್ರಕಟಿಸಿ ಕಾಲೇಜಿನ ಗೋಡೆಗೆ ಅಂಟಿಸಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ನಡುವೆ ಸೇರಿಕೊಳ್ಳುವ ಏರ್ಪಾಡು ನಮ್ಮಲ್ಲಿ ಚೆನ್ನಾಗಿ ನಡೆಯುವ ಸ್ಥಳವೊಂದಿದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಎಸ್.ಎಸ್.ಎಲ್.ಸಿ. ಆದ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದವರು, ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಪ್ರವೇಶ ಪರೀಕ್ಷೆಯ ಮೂಲಕ ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಕಾಲೇಜು ಆರಂಭವಾದಂದಿನಿಂದ ಈ ಅವಳಿ ಊರುಗಳಲ್ಲಿ ಎಂಜಿನಿಯರಿಂಗಿನ ಗಾಳಿ ಬೀಸುತ್ತಿದೆಯಷ್ಟೆ. ಕೈಯಲ್ಲಿ ಕಸುಬಿದ್ದು ತಲೆಯಲ್ಲಿ ಆಸೆಯಿದ್ದ ಎಷ್ಟೋ ಹಳ್ಳಿಯ ಹುಡುಗರು ಈ ಪಕ್ಕದ ಬಾಗಿಲಿನಿಂದ ಬಂದು ಎಂಜಿನಿಯರರಾಗಿದ್ದಾರೆ. ಆದರೆ ಇಲ್ಲಿಯೂ ಒಂದು ಮರೆಯ ಮುಳ್ಳುಂಟು. ಪಿ.ಯು.ಸಿ.ಯಿಂದ ಬಂದವನು ಮೊದಲ ವರ್ಷದಲ್ಲಿ ಕಲಿತ ಗಣಿತ ಇವನಿಗೆ ಆಗಿರುವುದಿಲ್ಲ. ಆದುದರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ತನ್ನ ೨೦೧೮ರ ಪಾಠಪಟ್ಟಿಯಲ್ಲಿ ಇಂಥವರಿಗೆ ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತದ ಎರಡು ಪತ್ರಿಕೆಗಳನ್ನು ಕಡ್ಡಾಯ ಮಾಡಿತು. ಅವುಗಳಿಗೆ ಕ್ರೆಡಿಟ್ ಇಲ್ಲ. ಆದರೆ ಅವುಗಳಲ್ಲಿ ತೇರ್ಗಡೆಯಾಗದೆ ಪದವಿಯಿಲ್ಲ. ಕ್ರೆಡಿಟ್ ಇಲ್ಲವೆಂದ ಮೇಲೆ ಓದಬೇಕಾಗಿಲ್ಲವೆಂದು ತಿಳಿದವನು ಕೊನೆಯ ವರ್ಷದಲ್ಲಿ ಕೆಲಸದ ಆಜ್ಞಾಪತ್ರವನ್ನು ಕೈಯಲ್ಲಿ ಹಿಡಿದು ಆ ಗಣಿತಕ್ಕಾಗಿ ಕಾಯುತ್ತ ಕುಳಿತುಕೊಳ್ಳಬೇಕಾಗುತ್ತದೆ.

ಓದನ್ನು ನಿಲ್ಲಿಸಲೇಬೇಕಾಗಿ ಬಂದವರಿಗೂ ಅವರ ತಂದೆತಾಯಿಗಳಿಗೂ ಎರಡು ಮಾತು. ನಿಲ್ಲುವುದೇ ಆದರೆ ಸೆಮಿಸ್ಟರಿನ ನಡುವೆ ನಿಲ್ಲಬೇಡಿ. ಹದಿನೈದು ವಾರದಲ್ಲಿ ಹನ್ನೆರಡು ಕುಳಿತು ಪರೀಕ್ಷೆಗೆ ಹಾಜರಾಗದೆ ಹೋದವನಿಗೆ ದೊರೆಯುವುದು ಸೊನ್ನೆ. ಹೇಗಾದರೂ ಆ ಪರೀಕ್ಷೆಯನ್ನು ಮುಗಿಸಿ ನಿಲ್ಲಿ. ಬಾಕಿ ಪತ್ರಿಕೆಯಿದ್ದರೆ ಮನೆಯಿಂದಲೇ ಹೋಗಿ ಬರೆಯಬಹುದೇ ಎಂದು ಕೇಳಿಕೊಳ್ಳಿ. ಮರಳಿ ಸೇರುವಾಗ ಹಳೆಯ ಕಾಲೇಜನ್ನಲ್ಲ, ಸೇರಬೇಕೆಂದಿರುವ ಹೊಸ ವಿಶ್ವವಿದ್ಯಾನಿಲಯವನ್ನು ಮೊದಲು ವಿಚಾರಿಸಿ; ಬಾಯಿಮಾತಿನ ಉತ್ತರವನ್ನು ನಂಬದೆ ಬರೆದುಕೊಟ್ಟದ್ದನ್ನು ಪಡೆಯಿರಿ. ಎಲ್ಲಕ್ಕಿಂತ ಮಿಗಿಲಾಗಿ, ಹೊರಡುವ ದಿನ ಅಂಕಪಟ್ಟಿಗಳೊಂದಿಗೆ ತಾವು ಓದಿದ ನಾಲ್ಕು ಸೆಮಿಸ್ಟರಿನ ಪಾಠಪಟ್ಟಿಯ ಪ್ರತಿಯನ್ನೂ ಪ್ರಾಂಶುಪಾಲರ ಸಹಿ ಮೊಹರುಗಳೊಡನೆ ತೆಗೆದುಕೊಂಡು ಹೋಗಿ. ಅಂಕಪಟ್ಟಿಯು ಎಷ್ಟು ಬಂತೆಂದು ಹೇಳುತ್ತದೆ. ಏನು ಓದಿದಿರೆಂದು ಹೇಳುವುದು ಪಾಠಪಟ್ಟಿಯೊಂದೇ. ಸಮಾನತೆಯನ್ನು ಪರಿಶೀಲಿಸುವವರು ಮೊದಲು ಕೇಳುವ ಕಾಗದವೂ ಅದೇ, ಐದು ವರ್ಷದ ಮೇಲೆ ಕಾಲೇಜಿನ ಕಪಾಟಿನಲ್ಲಿ ಸಿಕ್ಕದೆ ಹೋಗುವ ಕಾಗದವೂ ಅದೇ.